ಕ್ಷೇಮದ ಬಟ್ಟೆ

“ಕಾಣ್ತಾ ಇದೆ ಕಣೇ, ಬಟ್ಟೆ ಕಾಣ್ತಾ ಇದೆ!” ಎಂದು ದೋಣಿಗಾರ ದಡದಿಂದಲೇ ಹೆಂಡತಿಗೆ ಕೂಗಿ ಹೇಳಿದ.

ರಾತ್ರಿಯೆಲ್ಲ ಬಿರುಗಾಳಿ, ಮಳೆ. ಮರಗಳು ಚಿಗುರುವ ಈ ಕಾಲಕ್ಕೆ ಹೊಳೆಗೆ ಪ್ರತಿವರ್ಷವೂ ಹುಚ್ಚು ಹಿಡಿಯುತ್ತದೆ. ಈ ಸಲ ಏರಿಯನ್ನೇ ಒಡೆದುಕೊಂಡು ಹೊಲಗಳಿಗೆ ನುಗ್ಗಿತ್ತು. ಆಚೆ ದಡದ ತಂಗಿಯ ಮನೆ ಮಂಜಿನಲ್ಲಿ ಮುಚ್ಚಿಹೋಗಿತ್ತು. ಆದರೆ ಅವಳ ಅಂಗಳದ ಮರದ ಎತ್ತರದ ಕೊಂಬೆಯಲ್ಲಿ ಬಿಳಿ ಬಟ್ಟೆ ಹಾರುತ್ತಿತ್ತು. ಅಣ್ಣ ತಂಗಿ ಮಾಡಿಕೊಂಡಿದ್ದ ಗೊತ್ತುಪಾಡು ಅದು. ಬೆಳಿಗ್ಗೆ ಬಟ್ಟೆ ಕಂಡರೆ ಎಲ್ಲರೂ ಕ್ಷೇಮ. ಕಾಣದಿದ್ದರೆ ದೋಣಿ ತರಬೇಕು.

“ದೇವರು ದೊಡ್ಡವನು,” ಎಂದು ಹೆಂಡತಿ ಕೈಮುಗಿದಳು. “ನಿನ್ನೆ ನೀವು ಬೈದದ್ದು ನಾದಿನಿಗೆ ಚೆನ್ನಾಗಿ ನಾಟಿದೆ. ಇವತ್ತು ನಿಮಗಿಂತ ಮೊದಲೇ ಎದ್ದಿದ್ದಾಳೆ.”

ಹಿಂದಿನ ದಿನ ಬಟ್ಟೆ ಹಾರುವುದು ತಡವಾಗಿ, ದೋಣಿಗಾರ ಎದ್ದೆನೋ ಬಿದ್ದೆನೋ ಎಂದು ಹುಟ್ಟು ಹಾಕಿಕೊಂಡು ಹೋಗಿದ್ದ. ತಂಗಿ ಹಿಟ್ಟು ನಾದುತ್ತಿದ್ದಳು. “ಇಲ್ಲಿ ನನ್ನ ಜೀವ ಬಾಯಿಗೆ ಬಂದಿದೆ, ನೀನು ಹಿಟ್ಟು ನಾದ್ತಾ ಕೂತಿದೀಯಾ?” ಎಂದು ರೇಗಿದ್ದ.

“ಕಥೇಲಿ ರಾಕ್ಷಸನ ಪ್ರಾಣ ಗಿಳೀಲಿತ್ತಂತೆ. ನಿನ್ನ ಪ್ರಾಣ ನಮ್ಮನೆ ಬಟ್ಟೇಲಿದೆ ನೋಡಣ್ಣ,” ಎಂದು ಅವಳು ನಕ್ಕಿದ್ದಳು. “ನಾಳೆ ನೀನು ಕಣ್ಣು ಬಿಡೋ ಹೊತ್ತಿಗೆ ಹಾರ್ತಾ ಇರುತ್ತೆ, ಸರಿಯಾ?”

ಇವತ್ತು ಬಟ್ಟೆ ಕಂಡ ದೋಣಿಗಾರ ನಿಶ್ಚಿಂತನಾಗಿ ದೋಣಿಯನ್ನು ಹೊಳೆಯ ಕೆಳಭಾಗಕ್ಕೆ ತಿರುಗಿಸಿದ. ಇಟ್ಟಿಗೆ ಗೂಡಿನ ಕೂಲಿಯವರು ಸೂರಿನ ಮೇಲೆ ಕುಳಿತು ಕೂಗುತ್ತಿದ್ದರು. ಅವರೆಲ್ಲರನ್ನೂ ದಡ ಸೇರಿಸಿ, ಹಾಗೇ ತಂಗಿಯ ಮುಖ ನೋಡಿ ಬರೋಣವೆಂದು ಆಚೆ ದಡಕ್ಕೆ ಹೋದಾಗ ಮಧ್ಯಾಹ್ನವಾಗಿತ್ತು. ಮಂಜು ಕರಗಿತ್ತು.

ಮನೆ ಇರಲಿಲ್ಲ. ಗೋಡೆಯ ಗುರುತೂ ಇರಲಿಲ್ಲ. ನೀರಿನ ನಡುವೆ ಮರವೊಂದೇ ನಿಂತಿತ್ತು. ಚಿಗುರಿನ ಮರೆಯಲ್ಲಿ ತಂಗಿಯ ಗಂಡ ಕೊಂಬೆಯನ್ನು ತಬ್ಬಿಕೊಂಡಿದ್ದ.

ದೋಣಿಗಾರ ಬುಡಕ್ಕೆ ಹಗ್ಗ ಸುತ್ತುತ್ತ ಕೂಗಿದ: “ಅವಳೆಲ್ಲಿ ಭಾವ? ಬೆಳಿಗ್ಗೆ ಬಟ್ಟೆ ಕಟ್ಟಿದ್ದಳಲ್ಲ!”

“ನಿನ್ನೆ ಸಂಜೇನೇ ಕಟ್ಟಿಟ್ಟಳು ಭಾವ. ತಡ ಆದ್ರೆ ಅಣ್ಣ ಗಾಬರಿಯಾಗ್ತಾನೆ ಅಂತ.” ಅವನ ಹಲ್ಲುಗಳು ಕಟಕಟಿಸುತ್ತಿದ್ದವು. “ಬೆಳಿಗ್ಗೆ ಮಂಜಿನ ಸಂದೀಲಿ ನಿಮ್ಮ ದೋಣಿ ಕೆಳಗಡೆ ಹೋಗೋದು ಈ ಮರದಿಂದಲೇ ಇಬ್ರೂ ನೋಡಿದ್ವಿ. ಎಷ್ಟು ಕೂಗಿದ್ರೂ ಹೊಳೆ ಸದ್ದಲ್ಲಿ ನಿಮಗೆ ಕೇಳಲಿಲ್ಲ. ಬಟ್ಟೆ ಇಳಿಸಿದ್ರೆ ಅಣ್ಣ ಈ ಕಡೆ ತಿರುಗ್ತಾನೆ ಅಂತ ಮೇಲಕ್ಕೆ ಹತ್ತಿದಳು. ಉಗುರಲ್ಲಿ ಕಿತ್ತಳು, ಹಲ್ಲಲ್ಲಿ ಕಚ್ಚಿ ಎಳೆದಳು. ಅಲ್ಲಿಂದಲೇ ಕಾಲು ಜಾರಿತು... ಚಿಕ್ಕಂದಿನಲ್ಲಿ ನೀವು ಅವಳಿಗೆ ಕಲಿಸಿದ ದೋಣಿ ಗಂಟಂತೆ. ನೆಂದಷ್ಟೂ ಬಿಗಿಯಾಗುತ್ತಂತೆ.”

ದೋಣಿಗಾರನ ಕೈಯಲ್ಲಿ ಅದೇ ಗಂಟು ಅರ್ಧ ಬಿದ್ದಿತ್ತು. ಬೆರಳುಗಳು ಅಲ್ಲೇ ನಿಂತವು.