ಖಾಲಿ ಬಟ್ಟಲು

ಒಂಟಿಯಾಗಿ ಕುರ್ದಿಸ್ತಾನಕ್ಕೆ ಹೊರಟ ಪ್ರಾಣಿಶಾಸ್ತ್ರದ ಮೇಷ್ಟ್ರು ಒಂದು ಸಲಹೆಯನ್ನು ಬಾಯಿಪಾಠ ಮಾಡಿಕೊಂಡಿದ್ದರು: ಬಡಿಸಿದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನ.

ದಾರಿಯಲ್ಲಿ ಸಿಕ್ಕ ಮುದುಕ ಮನೆಗೆ ಕರೆದೊಯ್ದು ಕುರಿ ತಲೆಯ ಸಾರು ಬಡಿಸಿದ. ಜಿಡ್ಡಿನ ನಡುವೆ ಒಂದು ಕಣ್ಣು ತೇಲುತ್ತಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು ನುಂಗಿದರು. ಬಟ್ಟಲು ಖಾಲಿಯಾದದ್ದೇ ತಡ, ಮುದುಕ ಮತ್ತೆ ತುಂಬಿದ. ಅದನ್ನೂ ನುಂಗಿದರು. ಮೂರನೆಯ ಸಲ ಸೌಟು ಪಾತ್ರೆಯ ತಳ ಕೆರೆಯಿತು; ಅದನ್ನೂ ಬಳಿದು ತಿಂದರು.

"ಸಾಕು ಅಂತ ನಿಮ್ಮಪ್ಪನಿಗೆ ಹೇಳಮ್ಮ," ಎಂದು ಇಂಗ್ಲಿಷ್ ಬಲ್ಲ ಮಗಳನ್ನು ಬೇಡಿಕೊಂಡರು.

"ಸಾಕಾದವರು ಸ್ವಲ್ಪ ಬಿಡ್ತಾರೆ ಸರ್. ನೀವು ಬಳಿದು ತಿಂದ್ರಿ, ಇನ್ನೂ ಹಸಿವಿದೆ ಅಂದ್ಕೊಂಡ್ರು."

"ಅಯ್ಯೋ, ನನ್ನ ಊಟ ಮುಗೀತಮ್ಮ. ಇನ್ನು ನೀವೆಲ್ಲ ಊಟಕ್ಕೆ ಕೂತ್ಕೊಳ್ಳಿ."

"ನಮ್ಮನೇಲಿ ಅತಿಥಿ ಉಂಡು ಉಳಿದದ್ದೇ ಉಳಿದವರ ಊಟ ಸರ್," ಎಂದು ಅವಳು ಬರಿದಾದ ಪಾತ್ರೆಯನ್ನು ಎತ್ತಿಕೊಂಡಳು.