ಶಿಸ್ತಂದ್ರ ಶಿಸ್ತು

ಮಾಜಿ ಸೈನಿಕರ ಕಚೇರಿಯ ಗುಮಾಸ್ತ ಸ್ವತಃ ನಿವೃತ್ತ ಹವಾಲ್ದಾರ. ಪಲ್ಟನ್ ಬಿಟ್ಟು ಬಂದಿದ್ದರೂ ಅದರ ಗತ್ತು ಬಿಟ್ಟಿರಲಿಲ್ಲ. ತನಗಿಂತ ಕೆಳದರ್ಜೆಯವರು ಎದುರಿಗೆ 'ಸಾವಧಾನ್' ಭಂಗಿಯಲ್ಲಿ ನೆಟ್ಟಗೆ ನಿಲ್ಲಬೇಕು, ತಾನು 'ವಿಶ್ರಾಮ್' ಅನ್ನುವವರೆಗೆ ಅಲುಗಬಾರದು ಎಂಬುದು ಅವನ ಕಾಯ್ದೆ.

ಎಂಬತ್ತು ದಾಟಿದ ದುಂಡಪ್ಪನವರು ನಿವೃತ್ತರಾದದ್ದು ಹವಾಲ್ದಾರನಿಗಿಂತ ಮೇಲಿನ ಸುಬೇದಾರರಾಗಿ. ಯಾವನೋ ಪುಣ್ಯಾತ್ಮ ದಾಖಲೆಯಲ್ಲಿ ಮಾತ್ರ ಹವಾಲ್ದಾರನಿಗಿಂತ ಕೆಳಗಿನ ನಾಯಕ್ ಎಂದು ಬರೆದಿಟ್ಟಿದ್ದ. ಅದನ್ನು ತಿದ್ದಿಸಲು ವರ್ಷಗಟ್ಟಲೆ ಅಲೆದರು. ಬಂದಾಗಲೆಲ್ಲ ಕೋಲೂರಿಕೊಂಡು ನಿಂತೇ ಇದ್ದರು.

"ಮೊಣಕಾಲ ಭಾಳ ನೋಯಾಕತ್ತಾವ್ರಿ ಸಾಹೇಬ್ರ. ಕುಂದರ್ಲೇನ್ರಿ?"

"ಶಿಸ್ತಂದ್ರ ಶಿಸ್ತು, ನಾಯಕ್! ಫೈಲ್ ಮ್ಯಾಲೆ ಹೋಗೇತಿ. ಮುಂದಿನ ತಿಂಗಳ ನೋಡೂಣು."

ಕೊನೆಗೊಂದು ದಿನ, ದುಂಡಪ್ಪನವರು ಎದುರಿಗೆ ನಿಂತಿದ್ದಾಗಲೇ, ತಿದ್ದುಪಡಿಯ ಆದೇಶ ಬಂದೇಬಿಟ್ಟಿತು. ಓದಿದ ಗುಮಾಸ್ತ ಬೆವತುಹೋದ. ದಡಕ್ಕನೆ ಎದ್ದು, ಹಿಮ್ಮಡಿ ಕೂಡಿಸಿ, ಕಂಬದ ಹಾಗೆ ಸೆಟೆದು ನಿಂತ.

"ಸುಬೇದಾರ್ ಸಾಹೇಬ್ರ, ನಿಮ್ಮ ಕೆಲಸ ಆತ್ರಿ!"

ದುಂಡಪ್ಪನವರು ನಿಧಾನಕ್ಕೆ ಮೇಜು ಬಳಸಿ ಬಂದು ಅವನದೇ ಕುರ್ಚಿಯಲ್ಲಿ ಕೂತರು. ಚಹಾ ತರಿಸಿ ಕುಡಿದರು. ಎಲೆ ಅಡಿಕೆ ಹಾಕಿಕೊಂಡರು. ಊಟದ ಹೊತ್ತೂ ಆಯಿತು. ಇದೇ ಕೋಣೆಯಲ್ಲಿ ನಿಂತು ನಿಂತು ಹಣ್ಣಾಗಿದ್ದ ಮಾಜಿ ಸೈನಿಕರೆಲ್ಲ ಬಾಗಿಲಲ್ಲಿ ಗುಂಪುಗೂಡಿ ನೋಡುತ್ತಿದ್ದರು. ಗುಮಾಸ್ತ ಅಲುಗಾಡುವ ಹಾಗಿರಲಿಲ್ಲ.

"ಕಾಲ ನಡಗಾಕತ್ತಾವ್ರಿ ಸಾಹೇಬ್ರ," ಅಂದ ಅವನು ಅಳುದನಿಯಲ್ಲಿ. "ಒಂದ್ಸಲ ವಿಶ್ರಾಮ್ ಅಂದ್ಬಿಡ್ರಿ."

ದುಂಡಪ್ಪನವರು ಕಾಲು ಚಾಚಿಕೊಂಡರು.

"ಫೈಲ್ ಮ್ಯಾಲೆ ಹೋಗೇತಿ, ಹವಾಲ್ದಾರ್. ಮುಂದಿನ ತಿಂಗಳ ನೋಡೂಣು."