ಕಾರ್ಲ್ ಹಾಡಿ ಪಡೆದ ಚರ್ಪು

ಇವತ್ತು ಬೊಂಬೆಯ ಟ್ರಂಕು ತೆರೆದೊಡನೆ ನುಸಿಗುಳಿಗೆಯ ವಾಸನೆ ಬಂತು, ಜೊತೆಗೇ ಆ ದಸರೆಯ ಮಧ್ಯಾಹ್ನವೂ.

ಜಯಲಕ್ಷ್ಮಿಪುರಂನ ನಮ್ಮ ಮನೆಯ ಮಹಡಿಯಲ್ಲಿ, ಸಂಸ್ಕೃತ ಕಲಿಯಲು ಬಂದಿದ್ದ ಜರ್ಮನಿಯ ಹೆಲ್ಗಾ ಬಾಡಿಗೆಗಿದ್ದರು. ಜರ್ಮನಿಯಲ್ಲಿ ಅವರ ಅಣ್ಣ ಕಾರ್ಲ್, 'ಹೊರಗಿನವರು ತೊಲಗಲಿ' ಎನ್ನುವ ಪಕ್ಷವೊಂದನ್ನು ಸೇರಿದ್ದರು. ಮಹಾಯುದ್ಧ ಮುಗಿದು ಬಹಳ ವರ್ಷಗಳ ಮೇಲೆ ಹುಟ್ಟಿದ ಆ ಪಕ್ಷ ಇದ್ದಕ್ಕಿದ್ದಂತೆ ಸೀಟು ಗೆದ್ದು ಮೆರೆದಾಗ, ಹೆಲ್ಗಾ ಅಣ್ಣನೊಡನೆ ಮಾತು ಬಿಟ್ಟರು. ಎರಡು ಜರ್ಮನಿಗಳು ಒಂದಾದ ಮೇಲೆ ಪಕ್ಷ ಒಂದೊಂದೇ ಚುನಾವಣೆ ಸೋತು ಸೊರಗಿತು. ಕಾರ್ಲ್ ಅದನ್ನು ಬಿಟ್ಟು, ಆ ಮಧ್ಯಾಹ್ನ ತಂಗಿಯನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದರು. ಹೆಲ್ಗಾ ಮಹಡಿ ಮೆಟ್ಟಿಲ ಮೇಲೆ ಕೂತು ಮುಖ ತಿರುಗಿಸಿದರು.

"ಪಾರ್ಟಿ ಮುಳುಗಿದ್ಮೇಲೆ ತಂಗಿ ನೆನಪಾದ್ಲೇನಪ್ಪ?" ಅಜ್ಜಿ ಕನ್ನಡದಲ್ಲೇ ಕೇಳಿದರು. ಅರ್ಥವಾಗದ ಕಾರ್ಲ್ ಜೋರಾಗಿ ಹೌದೆಂದು ತಲೆಯಾಡಿಸಿದರು. ನಾನು ನಕ್ಕೆ. ಮೆಟ್ಟಿಲ ಮೇಲೂ ಒಂದು ನಗು ಹುಟ್ಟಿ ಕೆಮ್ಮಾಗಿ ಮುಗಿಯಿತು.

ಬೊಂಬೆ ನೋಡಲು ಬಂದವರಿಗೆ ಹಾಡು ಹೇಳದೆ ನಮ್ಮಲ್ಲಿ ಚರ್ಪಿನ ತಿಂಡಿ ಸಿಗುತ್ತಿರಲಿಲ್ಲ. "ಹೊರಗಿನೋರು ಅಂತ ಬಿಡೋಕಾಗಲ್ಲ ಕಣಪ್ಪ, ಹಾಡು," ಎಂದರು ಅಜ್ಜಿ. ನಾನು ಬಾಯಿ ತೆರೆದು ಅಭಿನಯಿಸಿ ತೋರಿಸಿದೆ. ಉದ್ದನೆಯ ಕಾರ್ಲ್ ಬೊಂಬೆಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕಿವಿ ಕೆಂಪಾಗಿಸಿಕೊಂಡು, ಅವರೂರಿನ ಲಾಲಿಯೊಂದನ್ನು ಶುರುಮಾಡಿದರು. ಎರಡು ಸಾಲು ಹಾಡಿ, ಮರೆತು ನಿಲ್ಲಿಸಿದರು.

ಮುಂದಿನ ಸಾಲು ಮೆಟ್ಟಿಲ ಮೇಲಿನಿಂದ ಬಂತು. ಹೆಲ್ಗಾ ಹಾಡುತ್ತಲೇ ಇಳಿದು ಬಂದು ಅಣ್ಣನ ಪಕ್ಕ ಕೂತರು.

ಅಜ್ಜಿ ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದರು. "ಅವನು ಹಾಡಿದ್ದು ಅರ್ಧ. ಅವನಿಗೆ ಅರ್ಧಾನೇ ಕೊಡಿ ಅಜ್ಜಿ," ಎಂದು ಹೆಲ್ಗಾ ಕನ್ನಡದಲ್ಲಿ ಹೇಳಿ, ತಾವೇ ಒಂದು ಮಿಠಾಯಿ ಮುರಿದು, ದೊಡ್ಡ ಚೂರನ್ನು ಅಣ್ಣನ ಕೈಗಿಟ್ಟರು.